ಗೃಹಸ್ಥನ ಮನೆಯಲ್ಲಿ ಕೋವಿ

ಹುಣಸೂರಿನಿಂದ ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ಹಾದುಹೋಗುವ ಹೆದ್ದಾರಿಯು ಕೊಪ್ಪದ ಬಳಿ ಕಾವೇರಿಯನ್ನು ದಾಟುತ್ತದೆ. ಸೇತುವೆಯ ಈಚೆಗೆ ಮೈಸೂರು ಜಿಲ್ಲೆ, ಆಚೆಗೆ ಕೊಡಗಿನ ಕುಶಾಲನಗರ. ಎರಡೂ ದಡಗಳ ಹೊಲಗಳಿಗೆ ರಾತ್ರಿ ನುಗ್ಗುವ ಕಾಡುಹಂದಿಗೂ ಆನೆಗೂ ಈ ಗಡಿಯ ಅರಿವಿಲ್ಲ. ಕಾನೂನಿಗೆ ಮಾತ್ರ ಅರಿವಿದೆ. ಆಚೆಯ ದಡದಲ್ಲಿ ಕೊಡವ ಜನಾಂಗಕ್ಕೆ ಸೇರಿದವರು ಹಾಗೂ ಜಮ್ಮಾ ಹಿಡುವಳಿದಾರರು ಪರವಾನಗಿಯ ಹಂಗಿಲ್ಲದೆ ಕೋವಿಯನ್ನು ಇಟ್ಟುಕೊಳ್ಳಬಹುದು. ಈಚೆಯ ದಡದ ರೈತನು ಅದೇ ಕೋವಿಗಾಗಿ ಅರ್ಜಿ ಬರೆದು, ಪೊಲೀಸ್ ವಿಚಾರಣೆಗೆ ಒಳಗಾಗಿ, ಜಿಲ್ಲಾ ದಂಡಾಧಿಕಾರಿಗಳ ಕಚೇರಿಯ ಮೆಟ್ಟಿಲನ್ನು ಹಲವು ಸಲ ಹತ್ತಬೇಕು. ಒಂದೇ ನೀರನ್ನು ಕುಡಿಯುವ ಇಬ್ಬರು ಬೇಸಾಯಗಾರರ ನಡುವೆ ಇಂಥ ಅಂತರವೇಕೆ ಎಂಬ ಪ್ರಶ್ನೆ ಈ ಸೀಮೆಯಲ್ಲಿ ಹೊಸದೇನೂ ಅಲ್ಲ.

ಈ ಅಂತರದ ಮೂಲ 1861ರಲ್ಲಿದೆ. ಸಿಪಾಯಿ ದಂಗೆಯ ತರುವಾಯ ಬ್ರಿಟಿಷರು ಪ್ರಜೆಗಳನ್ನು ನಿರಾಯುಧರನ್ನಾಗಿ ಮಾಡಲು ಹೊರಟಾಗ, ಮೈಸೂರು ಮತ್ತು ಕೊಡಗುಗಳ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಕೊಡಗಿನ ಜನರ ನಿಷ್ಠೆಯನ್ನು ಶ್ಲಾಘಿಸಿ ಅವರಿಗೆ ವಿನಾಯಿತಿ ನೀಡಿದನು. ಅಂದರೆ ಅದು ಹಕ್ಕೆಂದು ಒಪ್ಪಿ ಕೊಟ್ಟುದಲ್ಲ. ಆಳುವವನು ಮೆಚ್ಚಿ ಕೊಟ್ಟ ಉಡುಗೊರೆ. ಸ್ವಾತಂತ್ರ್ಯಾನಂತರ 1959ರ ಆಯುಧ ಕಾಯಿದೆ ಬಂದಾಗಲೂ ಕೇಂದ್ರ ಸರ್ಕಾರವು ಅದನ್ನು ಅಧಿಸೂಚನೆಯ ಮೂಲಕ ಮುಂದುವರಿಸಿತು. 2019ರ ಅಕ್ಟೋಬರ್‌ನಲ್ಲಿ ಹೊರಟ ಅಧಿಸೂಚನೆಯು ಅದನ್ನು 2029ರವರೆಗೆ ವಿಸ್ತರಿಸಿದೆ. ಸಮಾನತೆಯ ತತ್ತ್ವಕ್ಕೆ ಇದು ವಿರುದ್ಧವೆಂದು ನಿವೃತ್ತ ಸೇನಾಧಿಕಾರಿಯೊಬ್ಬರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ವಿನಾಯಿತಿಯನ್ನು ಎತ್ತಿಹಿಡಿಯಿತು. ಕೊಡವರ ಮನೆಯಲ್ಲಿ ಕೋವಿಯು ಬರಿಯ ಸಾಧನವಲ್ಲ. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಕೈಲ್‌ಪೊಳ್ದಿನ ದಿನ ಆಯುಧಕ್ಕೆ ಹೂ, ಗಂಧ. ಇದನ್ನು ಕಂಡು ಮೂಗು ಮುರಿಯುವುದು ಸುಲಭ. ಆದರೆ ಕತ್ತಿಗೆ ಪೂಜೆ ಸಲ್ಲಿಸಿದ ವಂಶಗಳು ಜೈನ ಇತಿಹಾಸದಲ್ಲೇನೂ ಅಪರೂಪವಲ್ಲ. ಗೊಮ್ಮಟನನ್ನು ಕಡೆಸಿದ ಚಾವುಂಡರಾಯನು ದಂಡನಾಯಕ. ಸಮರ ಪರಶುರಾಮನೆಂಬ ಬಿರುದನ್ನು ಹೊತ್ತವನು.

ಆಯುಧವು ಹಕ್ಕೋ ಅನುಗ್ರಹವೋ ಎಂಬ ಚರ್ಚೆ ಸ್ವತಂತ್ರ ಭಾರತದ ಸಂವಿಧಾನ ಸಭೆಯಲ್ಲಿಯೂ ನಡೆದುಹೋಗಿದೆ. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ಸು ಅಂಗೀಕರಿಸಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಇತ್ತು. ಅದನ್ನು ನೆನಪಿಸಿ 1948ರ ಡಿಸೆಂಬರ್ ಆರಂಭದಲ್ಲಿ ತಿದ್ದುಪಡಿಯನ್ನು ಮಂಡಿಸಿದವರು ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು. ಡಾ. ಅಂಬೇಡ್ಕರರು ಒಪ್ಪಲಿಲ್ಲ. ದೇಶಕ್ಕಾಗಿ ಆಯುಧ ಹಿಡಿಯುವ ಕರ್ತವ್ಯ ಬೇರೆ, ಪ್ರತಿಯೊಬ್ಬನೂ ಆಯುಧ ಹೊಂದುವ ಹಕ್ಕು ಬೇರೆ. ಇಂಥ ಹಕ್ಕನ್ನು ಸಂವಿಧಾನದಲ್ಲಿ ಬರೆದಿಟ್ಟರೆ ದುಷ್ಕರ್ಮಿಯೂ ಅದನ್ನೇ ಮುಂದೊಡ್ಡುವನು ಎಂಬುದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು. ಸಂವಿಧಾನದ 19ನೆಯ ಅನುಚ್ಛೇದದಲ್ಲಿ ಆಯುಧದ ಪ್ರಸ್ತಾಪ ಬರುವುದು ಒಂದೇ ಕಡೆ: ಪ್ರಜೆಗಳು ಶಾಂತಿಯಿಂದ, ನಿರಾಯುಧರಾಗಿ ಸಭೆ ಸೇರಬಹುದು ಎಂಬಲ್ಲಿ. ಕೋವಿಯ ಪಕ್ಷಪಾತಿಗಳು ಗಾಂಧೀಜಿಯ ಹೆಸರನ್ನೂ ಎಳೆದುತರುವುದುಂಟು. ಒಂದು ಇಡೀ ರಾಷ್ಟ್ರವನ್ನು ನಿರಾಯುಧಗೊಳಿಸಿದ ಕಾಯಿದೆಯನ್ನು ಗಾಂಧೀಜಿ ಬ್ರಿಟಿಷರ ದುಷ್ಕೃತ್ಯಗಳಲ್ಲೆಲ್ಲ ಕರಾಳವೆಂದದ್ದು ನಿಜ. ಆದರೆ ಅದು 1918ರಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸುವ ಸಂದರ್ಭದಲ್ಲಿ ಆಡಿದ ಮಾತು; ಮನೆಮನೆಗೊಂದು ಕೋವಿ ಇರಲೆಂದು ಹೇಳಿದ ಮಾತಲ್ಲ.

ಅಮೆರಿಕದ ದಾರಿ ಬೇರೆ. ಅಲ್ಲಿ 1791ರ ಎರಡನೆಯ ತಿದ್ದುಪಡಿಯು ಆಯುಧವನ್ನು ಹಕ್ಕಿನ ಸಾಲಿಗೆ ಸೇರಿಸಿತು. 2008ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅದು ವ್ಯಕ್ತಿಗತ ಹಕ್ಕೇ ಎಂದು ತೀರ್ಪಿತ್ತಿತು. ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಶ್ರಾವಕ ಕುಟುಂಬಗಳಿಗೆ, ಶಾಲೆಗಳಲ್ಲಿ ಗುಂಡಿನ ದಾಳಿಯ ಸುದ್ದಿ ಬಂದಾಗಲೆಲ್ಲ ರಾತ್ರಿ ನಿದ್ದೆಯಿಲ್ಲ. ಆದರೆ ಆ ದೇಶದಲ್ಲಿ ಗುಂಡಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು ಎಂಬ ಸಂಗತಿಯನ್ನು ಹೆಚ್ಚಿನವರು ಗಮನಿಸಿಲ್ಲ. ಶತ್ರುವಿಗೆಂದು ತಂದಿಟ್ಟ ಕೋವಿಯು ಮನೆಯವನ ಕಡೆಗೇ ತಿರುಗುತ್ತದೆ. ಆಸ್ಟ್ರೇಲಿಯದಲ್ಲಿ 1996ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್‌ನಲ್ಲಿ 35 ಮಂದಿ ಹತರಾದ ಬಳಿಕ, ಸರ್ಕಾರವು ಸುಮಾರು 6.5 ಲಕ್ಷ ಕೋವಿಗಳನ್ನು ಹಣ ಕೊಟ್ಟು ಹಿಂಪಡೆದು ನಾಶಮಾಡಿತು. ಜನರು ಕೊಟ್ಟರು. ಇದೂ ನಡೆದ ಸಂಗತಿಯೇ.

ಈ ನಾಲ್ಕು ತಾಲೂಕುಗಳ ಕೋವಿಯು ಅಮೆರಿಕದ ಕೋವಿಯಲ್ಲ. ಇಲ್ಲಿ ಅದು ಬಹುಮಟ್ಟಿಗೆ ಬೆಳೆ ಕಾಯುವ ಒಂಟಿನಳಿಗೆಯ ಅಥವಾ ಜೋಡುನಳಿಗೆಯ ಕೋವಿ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಅಂಚಿನಲ್ಲಿ ನಾಗರಹೊಳೆಯ ಕಾಡು ಹಬ್ಬಿದೆ. ಕೃಷ್ಣರಾಜನಗರದ ಕಡೆ ಕಾಡು ದೂರ. ಅಲ್ಲಿ ಭತ್ತದ ಬಯಲು, ನಾಲೆಯ ನೀರು. ಕಾಡಂಚಿನಲ್ಲಿ ಹೊಗೆಸೊಪ್ಪಿನ ಜೊತೆಗೆ ಮುಸುಕಿನ ಜೋಳ, ರಾಗಿ, ಬಾಳೆ. ಹೊಗೆಸೊಪ್ಪನ್ನು ಆನೆ ಮುಟ್ಟುವುದಿಲ್ಲ ಎಂಬುದು ಅದರ ಬೇಸಾಯ ಉಳಿದುಬರಲು ಒಂದು ಕಾರಣವೆಂದು ರೈತರೇ ಹೇಳುತ್ತಾರೆ. ಆನೆಯ ವಿವೇಕ ಮನುಷ್ಯನಿಗೆ ಬಂದಿಲ್ಲವೆನ್ನಬೇಕು. ಕಾಡು ಒಂದು ಕಾಲಕ್ಕೆ ಇನ್ನೂ ವಿಸ್ತಾರವಾಗಿತ್ತು; ಕಾಕನಕೋಟೆಯಲ್ಲಿ 1971ರವರೆಗೂ ಖೆಡ್ಡಾ ನಡೆಯಿತು, ಅನಂತರ ಆ ತಾಣವೇ ಕಬಿನಿ ಜಲಾಶಯದಲ್ಲಿ ಮುಳುಗಿತು. ನೀರು, ಹೊಲ, ಊರುಗಳು ಕಾಡನ್ನು ಒತ್ತಿದವು. ಕಾಡಿನ ಜೀವಗಳು ಹೊಲಕ್ಕೆ ಬಂದವು. ಹಾಡಿಗಳ ಜೇನುಕುರುಬರು ಕೋವಿಯೂ ಇಲ್ಲದೆ ಹೊಲವೂ ಇಲ್ಲದೆ ಆ ಆನೆಗಳನ್ನು ಎಲ್ಲರಿಗಿಂತ ಮೊದಲು ಎದುರುಗೊಳ್ಳುತ್ತಾರೆ. ಕೋವಿಯ ಹಕ್ಕಿನ ಮಾತು ಬಂದಾಗ ಅವರನ್ನು ಯಾರೂ ಕೇಳುವುದಿಲ್ಲ.

ಕಾಡಂಚಿನ ಕೋವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಇನ್ನೊಂದು ಬೇಲಿ ಹಾಕಿದೆ. ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗಿರುವ ಪರವಾನಗಿದಾರರು ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಮ್ಮತಿ ಬೇಕು. ಚುನಾವಣೆ ಬಂತೆಂದರೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಬರುವುದು ವಾಡಿಕೆ. ಹಂದಿಗೆ ಚುನಾವಣೆಯಿಲ್ಲವಷ್ಟೆ ಎಂದು ರೈತರು ಗೊಣಗುತ್ತಾರೆ. ಅವರ ಗೊಣಗಾಟದಲ್ಲಿ ನ್ಯಾಯವಿಲ್ಲದೆ ಇಲ್ಲ. 2019ರ ತಿದ್ದುಪಡಿಯು ಒಬ್ಬನು ಹೊಂದಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತರುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿ ಮಾಡಿತು.

ಮದುವೆಯ ಮಾತು ಬಂದುದರಿಂದ ಇಲ್ಲಿ ನೇಮಿನಾಥಸ್ವಾಮಿಯ ಸ್ಮರಣೆ ಸಹಜ. ವಿವಾಹದ ಔತಣಕ್ಕೆಂದು ಕೂಡಿಹಾಕಿದ್ದ ಮೃಗಗಳ ಆಕ್ರಂದನವನ್ನು ಕೇಳಿ, ಮದುವಣಿಗನ ರಥವನ್ನು ಹಿಂದಿರುಗಿಸಿ ಗಿರಿನಾರಿಗೆ ನಡೆದ ಆ ಕಥೆಗೂ ಈ ಸೀಮೆಗೂ ವಿಶೇಷ ನಂಟಿದೆ. ಹೆಗ್ಗಡದೇವನಕೋಟೆಯ ಕಡೆಯ ಕಿತ್ತೂರು ಪ್ರಾಚೀನ ಪುನ್ನಾಟದ ರಾಜಧಾನಿ; ಆ ನಾಡಿನ ಹೆಸರನ್ನು ಹೊತ್ತ ಪುನ್ನಾಟ ಸಂಘದ ಜಿನಸೇನಾಚಾರ್ಯರು ಕ್ರಿ.ಶ. 783ರಲ್ಲಿ ಹರಿವಂಶಪುರಾಣವನ್ನು ರಚಿಸಿದರು. (ಆದಿಪುರಾಣದ ಜಿನಸೇನರು ಬೇರೆ.) ಏಳು ಶತಮಾನಗಳ ತರುವಾಯ ಹುಣಸೂರು ತಾಲೂಕಿನ ಕಲ್ಲಹಳ್ಳಿಯ ಮೂರನೆಯ ಮಂಗರಸನು ನೇಮಿಜಿನೇಶ ಸಂಗತಿಯನ್ನು ಬರೆದನು. ಅವನು ಮುನಿಯಲ್ಲ, ಪ್ರಭುಮನೆತನದವನು, ಆಯುಧದ ನೆರಳಿನಲ್ಲಿ ಬೆಳೆದವನು. ಅಂಥವನು ಮೃಗಗಳ ಕೂಗಿಗೆ ಕಿವಿಗೊಟ್ಟ ತೀರ್ಥಂಕರನ ಚರಿತೆಯನ್ನು ಆರಿಸಿಕೊಂಡನೆಂಬುದು ಯೋಚಿಸತಕ್ಕ ವಿಷಯ. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯ ಬಸದಿಗಳಿಗೆ ಆಶ್ರಯವಿತ್ತವರೂ ಚೆಂಗಾಳ್ವ, ಕೊಂಗಾಳ್ವರೆಂಬ ಯೋಧ ಅರಸರೇ.

ಹೀಗಿರುವಾಗ ಶ್ರಾವಕನು ಆಯುಧವನ್ನು ಮುಟ್ಟಲೇಬಾರದೆಂದು ಶಾಸ್ತ್ರವು ಹೇಳುತ್ತದೆಯೆ? ಹೇಳುವುದಿಲ್ಲ. ಗೃಹಸ್ಥನ ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕೆಂದೂ ಉಳಿದವುಗಳಲ್ಲಿ ಯತ್ನಾಚಾರದಿಂದಿರಬೇಕೆಂದೂ ಪಂಡಿತರು ಬೋಧಿಸುತ್ತ ಬಂದಿದ್ದಾರೆ. ಪ್ರಾಣಕ್ಕೋ ಮಾನಕ್ಕೋ ಎರಗಿ ಬಂದವನನ್ನು ತಡೆಯುವುದು ವಿರೋಧೀ ಹಿಂಸೆ. ಗೃಹಸ್ಥನಿಗೆ ಅದು ಅಗತ್ಯವಾದಾಗ ಅನಿವಾರ್ಯ. ಕೋವಿಯನ್ನು ಸಮರ್ಥಿಸುವ ಶ್ರಾವಕರು ಸಾಮಾನ್ಯವಾಗಿ ಈ ಒಂದು ಬಾಗಿಲಿನಿಂದಲೇ ಒಳಗೆ ಬರುತ್ತಾರೆ. ಆದರೆ ಆ ಬಾಗಿಲು ಎಷ್ಟು ಅಗಲವಿದೆ ಎಂಬುದನ್ನು ಅಳೆದು ನೋಡಬೇಕು. ಯಶಸ್ತಿಲಕದ ಸೋಮದೇವಸೂರಿಯು ಶಸ್ತ್ರ ಪ್ರಯೋಗಕ್ಕೆ ಎಲ್ಲೆ ಹಾಕುವಾಗ ಅರಸನನ್ನು ಕುರಿತು ಮಾತನಾಡುತ್ತಾನೆ: ಯುದ್ಧದಲ್ಲಿ ಆಯುಧ ಹಿಡಿದು ಎದುರು ನಿಂತವನ ಮೇಲೆ, ನಾಡಿಗೆ ಕಂಟಕನಾದವನ ಮೇಲೆ ಮಾತ್ರ; ದೀನರ ಮೇಲಲ್ಲ. ಅಲ್ಲಿ ಆಯುಧವು ರಾಜ್ಯದ ಕೈಯಲ್ಲಿದೆ, ಒಕ್ಕಲಿನ ಕೈಯಲ್ಲಿಲ್ಲ.

ಇನ್ನು ಹೊಲಕ್ಕೆ ಬಂದ ಹಂದಿಯು ವಿರೋಧಿಯೆ? ಅದಕ್ಕೆ ದ್ವೇಷವಿಲ್ಲ, ಹಸಿವಿದೆ. ಅದನ್ನು ಬೆದರಿಸಿ ಓಡಿಸುವಾಗ ಆದ ನೋವನ್ನು ಉದ್ಯೋಗೀ ಹಿಂಸೆಯಲ್ಲಿ ಸೇರಿಸಬಹುದೇನೋ. ಅಟ್ಟಣೆಯಲ್ಲಿ ಕುಳಿತು, ಉಸಿರು ಬಿಗಿಹಿಡಿದು, ಅದರ ಬರವನ್ನೇ ಕಾದು ಗುಂಡು ಹೊಡೆಯುವುದು, ಅದರಲ್ಲೂ ಮರುದಿನದ ಅಡಿಗೆಯ ನಿರೀಕ್ಷೆಯಿಂದ ಹೊಡೆಯುವುದು, ಸಂಕಲ್ಪವಲ್ಲದೆ ಮತ್ತೇನು? ಬೆಳೆ ರಕ್ಷಣೆಯೆಂಬ ಒಂದೇ ಮಾತಿನೊಳಗೆ ಈ ಎರಡೂ ಅಡಗಿವೆ. ಪರವಾನಗಿಯ ಪುಸ್ತಕದಲ್ಲಿ ಅವಕ್ಕೆ ಪ್ರತ್ಯೇಕ ಅಂಕಣವಿಲ್ಲ. ಅವನ್ನು ಬೇರ್ಪಡಿಸಬಲ್ಲವನು ಕೋವಿ ಹಿಡಿದವನೊಬ್ಬನೇ.

ಇದಕ್ಕಿಂತಲೂ ಸೂಕ್ಷ್ಮವಾದ ವಿಚಾರವು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿದೆ. ಆಸ್ರವಕ್ಕೆ ಆಧಾರವಾಗುವುದು ಜೀವ ಮಾತ್ರವಲ್ಲ, ಅಜೀವವೂ ಹೌದೆಂದು ಹೇಳಿ, ಅಜೀವಾಧಿಕರಣವನ್ನು ನಿರ್ವರ್ತನಾ, ನಿಕ್ಷೇಪ, ಸಂಯೋಗ, ನಿಸರ್ಗ ಎಂದು ವಿಭಾಗಿಸಿದೆ. ನಿಕ್ಷೇಪವೆಂದರೆ ವಸ್ತುವನ್ನು ಇಡುವುದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಅದರ ನಾಲ್ಕು ಬಗೆಗಳನ್ನು ವಿವರಿಸುತ್ತಾರೆ: ನೋಡದೆ ಇಡುವುದು, ಸರಿಯಾಗಿ ಶುದ್ಧಿಮಾಡದೆ ಇಡುವುದು, ಅವಸರದಿಂದ ಇಡುವುದು, ಉಪಯೋಗವಿಲ್ಲದೆ ಎಂದರೆ ಗಮನವಿಲ್ಲದೆ ಇಡುವುದು. ಪಿಂಛಿ, ಕಮಂಡಲು, ಪುಸ್ತಕಗಳನ್ನು ಇಡುವ ಮುನಿಗೆ ಈ ಎಚ್ಚರ ಬೇಕಾದರೆ, ತೋಟಾ ತುಂಬಿದ ಕೋವಿಯನ್ನು ಬಾಗಿಲ ಹಿಂದೆ ಒರಗಿಸಿಡುವ ಗೃಹಸ್ಥನಿಗೆ ಎಷ್ಟು ಬೇಡ? ಮಕ್ಕಳು ಆಟವಾಡುತ್ತ ಕುದುರೆ ಎಳೆದು ಅನಾಹುತವಾಯಿತು, ಕಾಫಿ ತೋಟದಲ್ಲಿ ಹಂದಿಯೆಂದು ಭ್ರಮಿಸಿ ಹೊಡೆದ ಗುಂಡಿಗೆ ಜೊತೆಗಾರನೇ ಬಲಿಯಾದನು ಎಂಬಂಥ ಸುದ್ದಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅಲ್ಲಿ ಕೊಲ್ಲುವ ಸಂಕಲ್ಪ ಯಾರಿಗೂ ಇರಲಿಲ್ಲ. ಪ್ರಮಾದವಿತ್ತು. ಪ್ರಮಾದವೇ ಹಿಂಸೆಯ ಬೇರೆಂಬುದು ಉಮಾಸ್ವಾತಿಗಳ ನಿಲುವು. ಕೋವಿ ಮತ್ತು ತೋಟಾಗಳನ್ನು ಬೇರೆ ಬೇರೆ ಬೀಗದೊಳಗೆ ಇಡಬೇಕೆಂಬ ಇಂದಿನ ಬುದ್ಧಿವಾದವು ಈ ನಿಕ್ಷೇಪ ವಿಚಾರದ ವ್ಯಾಖ್ಯಾನದಂತೆ ತೋರುತ್ತದೆ.

ದೇವಸ್ಥಾನದ ಟ್ರಸ್ಟುಗಳ ಮುಂದೆಯೂ ಈ ಪ್ರಶ್ನೆ ಬಂದು ನಿಂತಿದೆ. ಊರ ಹೊರಗಿನ ಬಸದಿಗಳಲ್ಲಿ ಲೋಹದ ಪ್ರತಿಮೆಗಳಿಗೆ ಕಳ್ಳರ ಭಯ. ಕೋವಿಯಿರುವ ಕಾವಲುಗಾರನನ್ನು ನೇಮಿಸೋಣವೆಂದು ಸಭೆಯಲ್ಲಿ ಒಬ್ಬರು ಹೇಳಿದರೆ ಹಲವರು ತಲೆದೂಗುತ್ತಾರೆ. ಎಲ್ಲವನ್ನೂ ತ್ಯಜಿಸಿ ನಿಂತ ಜಿನನ ಬಿಂಬಕ್ಕಾಗಿ ಹೊಟ್ಟೆಪಾಡಿನ ಕಳ್ಳನೊಬ್ಬನ ಪ್ರಾಣ ಹೋದರೆ, ಮರುದಿನದ ಅಭಿಷೇಕವನ್ನು ಯಾವ ಮನಸ್ಸಿನಿಂದ ಮಾಡುವುದು? ಗಟ್ಟಿ ಬಾಗಿಲು, ದೀಪ, ಕ್ಯಾಮೆರಾ, ರಾತ್ರಿ ಸರದಿಯ ಕಾವಲು ಇವೆಲ್ಲ ಕೋವಿಗಿಂತ ಮೊದಲು ಆಗಬೇಕಾದವು. ಅವುಗಳಿಗೂ ಮೊದಲು ಆಗಬೇಕಾದುದು ಪ್ರತಿಮೆಗಳ ಛಾಯಾಚಿತ್ರ, ಅಳತೆ ಹಾಗೂ ಪೀಠದ ಬರಹಗಳ ದಾಖಲೆ. ನೂರು ವರ್ಷ ದಾಟಿದ ಶಿಲ್ಪಗಳಾದರೆ 1972ರ ಪುರಾವಸ್ತು ಕಾಯಿದೆಯ ಮೇರೆಗೆ ನೋಂದಣಿ. ಕಳುವಾದ ವಿಗ್ರಹವು ತಮ್ಮದೇ ಎಂದು ತೋರಿಸಲು ಒಂದು ಚಿತ್ರವೂ ಇಲ್ಲದ ಆಡಳಿತ ಮಂಡಲಿಯು ಕೋವಿಯ ಮಾತನಾಡುವುದು ವಿಚಿತ್ರ. ಹುಣಸೂರು ತಾಲೂಕಿನ ಗೊಮ್ಮಟಗಿರಿಯಲ್ಲಿ ಬೋಳು ಬಂಡೆಯ ಮೇಲೆ ನಿಂತಿರುವ ಬಾಹುಬಲಿಯು ಸೈನ್ಯಗಳ ಸಂಹಾರ ಬೇಡವೆಂದು ದೃಷ್ಟಿ, ಜಲ, ಮಲ್ಲ ಯುದ್ಧಗಳಿಗೆ ಒಪ್ಪಿದವನು; ಒಪ್ಪಂದ ಮೀರಿ ಚಕ್ರವನ್ನು ಬಿಟ್ಟವನು ಸೋತ ಭರತ. ಆಯುಧವು ಹೊರಬಂದದ್ದು ಸೋಲಿನ ಅವಮಾನದಿಂದ ಎಂಬುದನ್ನು ಪುರಾಣಕಾರರು ಮರೆಮಾಡಿಲ್ಲ.

ಈ ಎಲ್ಲ ವಿಚಾರಗಳೂ ಒಂದು ಮನೆಯೊಳಗೆ ಬಂದಾಗ ಎಷ್ಟು ತೊಡಕಾಗುತ್ತವೆ ಎಂಬುದಕ್ಕೆ ಹುಣಸೂರು ತಾಲೂಕಿನ ಕಾಡಂಚಿನ ಒಂದು ಶ್ರಾವಕ ಕುಟುಂಬ ನಿದರ್ಶನ. ತಂದೆಯ ಕಾಲದಿಂದ ಅಲ್ಲಿ ಒಂಟಿನಳಿಗೆಯ ಕೋವಿಯೊಂದಿತ್ತು. ಹಿರಿಯರು ಅದನ್ನು ಆಕಾಶಕ್ಕಲ್ಲದೆ ಬೇರೆಡೆಗೆ ಹಾರಿಸಿದವರಲ್ಲವಂತೆ. ಅವರು ತೀರಿಕೊಂಡ ಮೇಲೆ ಕೋವಿಯನ್ನು ಕಾನೂನಿನಂತೆ ಠೇವಣಿ ಇಟ್ಟಾಯಿತು. ಹಕ್ಕುದಾರರು ತಮ್ಮ ಹೆಸರಿಗೆ ಪರವಾನಗಿ ಕೋರಬಹುದು, ಪರವಾನಗಿಯುಳ್ಳ ಬೇರೊಬ್ಬನಿಗೆ ಮಾರಬಹುದು, ಇಲ್ಲವೆ ಸರ್ಕಾರಕ್ಕೆ ಒಪ್ಪಿಸಬಹುದು. ಊರಿನಲ್ಲಿ ಬೇಸಾಯ ನೋಡಿಕೊಳ್ಳುವ ಹಿರಿಯ ಮಗನಿಗೆ ಕೋವಿ ಬೇಡ. ಮೈಸೂರಿನಲ್ಲಿರುವ ಕಿರಿಯನು ಮಾತ್ರ, “ಅಣ್ಣ, ಅಪ್ಪಾಜಿ ನೆನಪು ಅದು. ಒಡವೆ ಇದ್ದ ಹಾಗೆ ಇರಲಿ ಬಿಡು” ಎಂದನು. ಪಕ್ಕದ ಹೊಲದ ಒಕ್ಕಲಿಗರ ಯಜಮಾನರು ಒಂದು ಸಂಜೆ ಜಗುಲಿಯ ಮೇಲೆ ಕುಳಿತು ಕೇಳಿದರು: “ನೀವಂತೂ ಹೊಡೆಯೋರಲ್ಲ ಸ್ವಾಮಿ. ನನ್ನ ಹೆಸರಿಗೆ ಮಾಡಿಕೊಡಿ. ಜೋಳ ಒಂದು ದಂಟೂ ಉಳೀತಿಲ್ಲ.” ಅವರು ಸುಳ್ಳು ಹೇಳಲಿಲ್ಲ, ಹಂದಿಯ ಹಿಂಡು ಅವರ ಹೊಲವನ್ನು ನೆಲಸಮ ಮಾಡಿದ್ದನ್ನು ಎಲ್ಲರೂ ಕಂಡಿದ್ದರು.

ಬೇಡವೆಂದವರು ಮನೆಯ ತಾಯಿ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಚಾತುರ್ಮಾಸದಲ್ಲಿ ಕೇಳಿ ಕೇಳಿ ಆಕೆಗೆ ಬಾಯಿಪಾಠವಾಗಿತ್ತು. ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವೂ ಒಂದು: ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ, ಆಯುಧ, ವಿಷ, ಸರಪಳಿ ಮೊದಲಾದ ವಧೆಯ ಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದು. ಹೇಮಚಂದ್ರಾಚಾರ್ಯರಂತೂ ಆಯುಧದ ಮಾರಾಟವನ್ನು ವಿಷವಾಣಿಜ್ಯದಲ್ಲಿಯೇ ಎಣಿಸಿದ್ದಾರೆ. “ಇಟ್ಟುಕೊಂಡ್ರೆ ನಮ್ಮ ಪಾಪ ನಮಗೆ ಗೊತ್ತಿರುತ್ತೆ ಮಗಾ. ಕೊಟ್ಟ ಮೇಲೆ ಅದು ಏನು ಮಾಡ್ತು ಅಂತ ಯಾರನ್ನ ಕೇಳೋದು?” ಎಂಬುದು ಆಕೆಯ ಪ್ರಶ್ನೆ. ಹಾಗಾದರೆ ಗುದ್ದಲಿಯನ್ನೂ ಎರವಲು ಕೊಡಬಾರದಲ್ಲ ಎಂದು ಕಿರಿಯನು ಚೇಷ್ಟೆ ಮಾಡಿದನು. ಚೇಷ್ಟೆಯಾದರೂ ಪ್ರಶ್ನೆ ಹುರುಳಿಲ್ಲದ್ದಲ್ಲ. ಆಚಾರ್ಯರ ಪಟ್ಟಿಯಲ್ಲಿ ಗುದ್ದಲಿ ಮತ್ತು ಕತ್ತಿಗಳು ಅಕ್ಕಪಕ್ಕದಲ್ಲಿವೆ. ಕೈಬಿಟ್ಟುಹೋದ ವಸ್ತುವು ಮುಂದೆ ಏನು ಮಾಡೀತು ಎಂಬ ವಿಚಾರವನ್ನೂ ಕೊಡುವವನು ಹೊರಬೇಕು ಎಂಬುದೇ ಅಲ್ಲಿನ ಆಶಯವೆಂದು ತೋರುತ್ತದೆ. ಗುದ್ದಲಿಗೆ ಹತ್ತು ಕೆಲಸಗಳಿವೆ. ಹಂದಿಗೆಂದೇ ಕೇಳಿ ಪಡೆದ ಕೋವಿಗೆ ಒಂದೇ ಕೆಲಸ. ಕೊನೆಗೆ ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಲಾಯಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ವ್ರತದ ಮಹಿಮೆಯನ್ನು ಹೊಗಳಿ ಸುಮ್ಮನಾಗಬಹುದಿತ್ತು. ಕೋವಿ ಸಿಗದ ನೆರೆಯವರು ಆ ವರ್ಷ ಬೇಲಿಗೆ ಉರುಳು ಹಾಕಿದರು. ಈ ಸೀಮೆಯಲ್ಲಿ ಕೋವಿಗಿಂತ ಹೆಚ್ಚು ಜೀವಗಳನ್ನು ನರಳಿಸುವುವು ಬೇಲಿಯ ಉರುಳು, ಹಣ್ಣಿನಲ್ಲಿ ಹುದುಗಿಸಿದ ಸಿಡಿಮದ್ದು, ಕಂಬದಿಂದ ಕದ್ದೆಳೆದ ಕರೆಂಟಿನ ತಂತಿ. ಅವುಗಳಿಗೆ ಹಂದಿ, ಹಸು, ಮನುಷ್ಯರೆಂಬ ಭೇದವಿಲ್ಲ, ಪರವಾನಗಿಯೂ ಇಲ್ಲ. ಎರಡು ದಿನ ಉರುಳಿನಲ್ಲಿ ಒದ್ದಾಡಿ ಸತ್ತದ್ದು ಒಂದು ಜಿಂಕೆ. ಮನೆಯ ಹಿರಿಯ ಮಗನು ಅದನ್ನು ಕಂಡು ಬಂದವನು ಆ ದಿನ ಊಟ ಮಾಡಲಿಲ್ಲ. ತನ್ನ ಮನೆಯ ಕೈ ಶುದ್ಧವಾಗಿ ಉಳಿಯಿತು, ಹಿಂಸೆ ಪಕ್ಕದ ಹೊಲಕ್ಕೆ ಹೋಯಿತು, ಅಷ್ಟೆ ತಾನೆ ಆದದ್ದು ಎಂದು ತಾಯಿಯ ಮುಂದೆ ಹೇಳಿದನು. ಆಕೆಯ ಬಳಿ ಅದಕ್ಕೆ ಶ್ಲೋಕವಿರಲಿಲ್ಲ.

ಮರುವರ್ಷ ಎರಡೂ ಮನೆಯವರು ಕೂಡಿ, ಅರಣ್ಯ ಇಲಾಖೆಯ ಸಹಾಯಧನದ ಜೊತೆಗೆ ತಾವೂ ಹಣ ಹಾಕಿ ಹೊಲಗಳ ಸುತ್ತ ಸೌರ ಬೇಲಿಯನ್ನು ಹಾಕಿಸಿದರು. ಅದರ ತಂತಿಯು ಕ್ಷಣಮಾತ್ರ ಜುಮ್ಮೆನಿಸಿ ಪ್ರಾಣಿಯನ್ನು ಹಿಂದಿರುಗಿಸುತ್ತದೆ, ಕೊಲ್ಲುವುದಿಲ್ಲ. ಶ್ರಾವಕರ ಪಾಲು ಹೆಚ್ಚು. ಹೊಲ ಕಡಿಮೆಯಿದ್ದರೂ ಅವರೇ ಹಾಗೆ ಕೇಳಿಕೊಂಡರು. ಬೇಲಿಯು ಹಂದಿಯನ್ನು ತಡೆಯುವಷ್ಟು ಚೆನ್ನಾಗಿ ಆನೆಯನ್ನು ತಡೆಯುವುದಿಲ್ಲ. ಒಣಮರದ ಕೊಂಬೆಯನ್ನು ತಂತಿಯ ಮೇಲೆ ಕೆಡವಿ ದಾಟುವುದನ್ನು ಆನೆಗಳು ಕಲಿತಿವೆ. ಬಳ್ಳಿ ಹಬ್ಬಿ ತಂತಿಗೆ ತಾಗಿದರೆ ಶಕ್ತಿ ಸೋರಿಹೋಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೊಮ್ಮೆ ಬೇಲಿಯುದ್ದಕ್ಕೂ ಕಳೆ ಸವರಬೇಕು. ಸರದಿಯ ಮೇಲೆ ಒಂದು ವಾರ ಈ ಮನೆಯವರು, ಇನ್ನೊಂದು ವಾರ ಆ ಮನೆಯವರು ಸವರುತ್ತಾರೆ. ಠಾಣೆಗೆ ಒಪ್ಪಿಸಿದ ಕೋವಿಯ ರಸೀದಿಯನ್ನು ಮೈಸೂರಿನ ಕಿರಿಯ ಮಗನು ತನ್ನ ಬಳಿ ಇಟ್ಟುಕೊಂಡಿದ್ದಾನೆ.